ಹೊಲ ಯಾರದು? ಐರ್ಲೆಂಡಿನ ಮುನ್ನೂರು ವರ್ಷಗಳ ವ್ಯಾಜ್ಯ



ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿ ಸೇರಿದ ನಮ್ಮಲ್ಲಿ ಅನೇಕರಿಗೆ 11 ತಿಂಗಳ ಕರಾರು ಹೊಸದಲ್ಲ. ಬಾಡಿಗೆ ಮನೆ ಬದಲಿಸಿದಾಗಲೆಲ್ಲ ಅದೇ ಕಾಗದ, ಅದೇ ಸಹಿ. 12 ಬಿಟ್ಟು 11 ಏಕೆ? ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯಿದೆ. ಆ ಗೆರೆ ದಾಟದಿರಲೆಂದು ಒಂದು ತಿಂಗಳು ಕಡಿಮೆ ಬರೆಯುವ ರೂಢಿ ಬೆಳೆಯಿತು.

ದೂರದ ಐರ್ಲೆಂಡಿನಲ್ಲೂ ಇಂಥದೇ 11 ತಿಂಗಳ ಕರಾರು ಇತ್ತು. ಅಲ್ಲಿ ಅದು ದನ ಮೇಯಿಸುವ ಹುಲ್ಲುಗಾವಲಿಗೆ. ದನ ತಂದವನು ಮೇಯಿಸಿಕೊಂಡು ಹೋಗಲಿ, ಗೇಣಿದಾರನಾಗಿ ಬೇರೂರುವುದು ಬೇಡ ಎಂಬುದು ಒಡೆಯನ ಲೆಕ್ಕಾಚಾರ. 'ಗೇಣಿದಾರ' ಎಂಬ ಒಂದು ಶಬ್ದಕ್ಕೆ ಒಡೆಯ ಅಷ್ಟೇಕೆ ಹೆದರುತ್ತಿದ್ದ? ಇದನ್ನು ತಿಳಿಯಲು ನಾವು ಬಹಳ ಹಿಂದಕ್ಕೆ ಹೋಗಬೇಕು.

ಕುಲದ ಹೊಲ, ರಾಜನ ಹೊಲ

ಇಂಗ್ಲಿಷರು ಬರುವ ಮೊದಲು ಐರ್ಲೆಂಡಿಗೆ ತನ್ನದೇ ಕಾನೂನು ಇತ್ತು. ಬ್ರೆಹನ್ ಎಂಬ ನ್ಯಾಯವೇತ್ತರು ಅದನ್ನು ತಲೆಮಾರಿನಿಂದ ತಲೆಮಾರಿಗೆ ಕಲಿಸಿಕೊಂಡು ಬಂದಿದ್ದರು. ಏಳು, ಎಂಟನೆಯ ಶತಮಾನದ ಹೊತ್ತಿಗೆ ಅದು ಬರಹಕ್ಕೂ ಇಳಿದಿತ್ತು. ಆ ಕಾನೂನಿನ ಪ್ರಕಾರ ಪಿತ್ರಾರ್ಜಿತ ಹೊಲ ಒಬ್ಬನ ಸ್ವತ್ತಲ್ಲ, ದಾಯಾದಿ ಬಳಗದ ಸ್ವತ್ತು. ಒಬ್ಬ ಮುತ್ತಜ್ಜನ ಗಂಡು ಸಂತತಿಯೆಲ್ಲ ಸೇರಿ ಒಂದು ಬಳಗ. ಪ್ರತಿಯೊಬ್ಬನೂ ತನ್ನ ಪಾಲು ಉಳುತ್ತಿದ್ದ, ಆದರೆ ಬಳಗದ ಒಪ್ಪಿಗೆಯಿಲ್ಲದೆ ಹೊರಗಿನವರಿಗೆ ಮಾರುವಂತಿರಲಿಲ್ಲ. ನಾಯಕ ಸತ್ತರೆ ಹಿರಿಮಗನೇ ಪಟ್ಟಕ್ಕೆ ಬರಬೇಕೆಂದೂ ಇರಲಿಲ್ಲ. ನಾಯಕ ಬದುಕಿರುವಾಗಲೇ ಕುಲದ ಯೋಗ್ಯನೊಬ್ಬನನ್ನು ಉತ್ತರಾಧಿಕಾರಿಯಾಗಿ ಆರಿಸುತ್ತಿದ್ದರು. ಅವನೇ 'ತಾನಿಷ್ಟ'. ಇಂದು ಐರ್ಲೆಂಡಿನ ಉಪಪ್ರಧಾನಿಯ ಪದನಾಮವೂ ಇದೇ.

ಇಂಗ್ಲೆಂಡಿನ ಕಾನೂನು ಇದಕ್ಕೆ ತೀರ ಭಿನ್ನ. ಅಲ್ಲಿ ಎಲ್ಲ ನೆಲಕ್ಕೂ ರಾಜನೇ ಮೂಲ ಒಡೆಯ, ಉಳಿದವರೆಲ್ಲ ಅವನ ಕೈಕೆಳಗೆ ಹಿಡಿದವರು. 1171ರಲ್ಲಿ ಎರಡನೆಯ ಹೆನ್ರಿ ಐರ್ಲೆಂಡಿಗೆ ಬಂದಿಳಿದ ಮೇಲೆ ಸುಮಾರು ನಾಲ್ಕು ಶತಮಾನ ಈ ಎರಡೂ ಕಾನೂನುಗಳು ಅಕ್ಕಪಕ್ಕದಲ್ಲೇ ನಡೆದವು. 1541ರಲ್ಲಿ ಎಂಟನೆಯ ಹೆನ್ರಿ 'ಐರ್ಲೆಂಡಿನ ರಾಜ' ಎಂಬ ಬಿರುದು ಧರಿಸಿದ. ಕುಲನಾಯಕರು ತಮ್ಮ ನೆಲವನ್ನು ರಾಜನಿಗೆ ಒಪ್ಪಿಸುವುದು, ರಾಜ ಅದನ್ನೇ ಇಂಗ್ಲಿಷ್ ಪಟ್ಟಾ ಬರೆದು ಮರಳಿ ಕೊಡುವುದು ಎಂಬ ಏರ್ಪಾಡು ಶುರುವಾಯಿತು. ಕೇಳಲು ಸಾಧು ಏರ್ಪಾಡು. ಆದರೆ ನಾಯಕ ಒಪ್ಪಿಸಿದ್ದು ಅವನೊಬ್ಬನದೇ ಆಗಿರಲಿಲ್ಲವಲ್ಲ! ಕಾಗದದಲ್ಲಿ ಅವನು ಒಡೆಯನಾದ. ದಾಯಾದಿಗಳು ಅವನ ಒಕ್ಕಲುಗಳಾದರು.

ತೀರ್ಪು ಮಾಡಿದ ಕೆಲಸ

ಕೊನೆಯ ಏಟು ಬಿದ್ದದ್ದು ನ್ಯಾಯಾಲಯದಲ್ಲಿ. ಸರ್ ಜಾನ್ ಡೇವಿಸ್ ಎಂಬ ಇಂಗ್ಲಿಷ್ ವಕೀಲ, ಕವಿಯೂ ಹೌದು, ಐರ್ಲೆಂಡಿನ ಅಟಾರ್ನಿ ಜನರಲ್ ಆಗಿದ್ದ. ದಾಯಾದಿಗಳಲ್ಲಿ ಹೊಲ ಹಂಚುವ ಪದ್ಧತಿ ಕಾನೂನಿನಲ್ಲಿ ನಿಲ್ಲುವುದಿಲ್ಲವೆಂದು 1606ರಲ್ಲಿ ನ್ಯಾಯಾಧೀಶರು ಸಾರಿದರು. 1608ರಲ್ಲಿ, ಕಾರ್ಕ್ ಕಡೆಯ ಜಮೀನಿನ ವ್ಯಾಜ್ಯವೊಂದರಲ್ಲಿ, ಉತ್ತರಾಧಿಕಾರಿಯನ್ನು ಆರಿಸುವ ಪದ್ಧತಿಯೂ ಬಿದ್ದುಹೋಯಿತು. ಮುಂದಿನ ವಾರಸುದಾರ ಯಾರೆಂಬ ಖಚಿತತೆಯಿಲ್ಲದ ಇಂಥ ಪದ್ಧತಿ ಅಸಮಂಜಸ ಎಂಬುದು ವಾದ. ಈ ಎರಡು ನಿರ್ಣಯಗಳಿಂದ ಬ್ರೆಹನ್ ಭೂಕಾನೂನು ಇಂಗ್ಲಿಷ್ ನ್ಯಾಯಾಲಯದ ಪಾಲಿಗೆ ಇಲ್ಲವಾಯಿತು.

ಕತ್ತಿಯೂ ಸುಮ್ಮನಿರಲಿಲ್ಲ. 1607ರಲ್ಲಿ ಉತ್ತರದ ಅಲ್‌ಸ್ಟರಿನ ದೊಡ್ಡ ನಾಯಕರು ದೇಶ ಬಿಟ್ಟು ಯೂರೋಪಿಗೆ ಹೋದರು. ಅವರ ನೆಲವನ್ನು ಸರಕಾರ ಮುಟ್ಟುಗೋಲು ಹಾಕಿ ಇಂಗ್ಲೆಂಡ್, ಸ್ಕಾಟ್ಲೆಂಡಿನಿಂದ ಬಂದವರಿಗೆ ಹಂಚಿತು. 1641ರ ದಂಗೆ, 1649ರಲ್ಲಿ ಕ್ರಾಮ್‌ವೆಲ್‌ನ ದಂಡಯಾತ್ರೆ, 1652ರ ಕಾಯಿದೆ ಹೀಗೆ ಒಂದರ ಹಿಂದೊಂದು ಬಂದವು. ಸೈನಿಕರ ಸಂಬಳದ ಬಾಕಿಗೂ, ಯುದ್ಧಕ್ಕೆ ಸಾಲ ಕೊಟ್ಟವರ ಋಣಕ್ಕೂ ಐರಿಷ್ ನೆಲವೇ ಪಾವತಿಯಾಯಿತು. ಹಂಚಬೇಕಾದರೆ ಅಳೆಯಬೇಕು. ವಿಲಿಯಂ ಪೆಟ್ಟಿ ಎಂಬ ವೈದ್ಯ 1655-56ರಲ್ಲಿ ಸರಪಳಿ ಹಿಡಿದ ಸೈನಿಕರನ್ನು ಊರೂರಿಗೆ ಕಳಿಸಿ ಮುಟ್ಟುಗೋಲಾದ ನೆಲದ ನಕ್ಷೆ ಮಾಡಿಸಿದ. ಅದೇ ಹೆಸರಾಂತ ಡೌನ್ ಸರ್ವೆ.

ಫಲಿತಾಂಶವನ್ನು ಅಂಕಿಯಲ್ಲೇ ನೋಡಿ. 1641ರಲ್ಲಿ ಕ್ಯಾಥಲಿಕರ ಕೈಯಲ್ಲಿದ್ದ ನೆಲ ಸುಮಾರು ಶೇ. 59. 1703ರ ಹೊತ್ತಿಗೆ ಉಳಿದದ್ದು ಸುಮಾರು ಶೇ. 14. ದೇಶದ ಜನರಲ್ಲಿ ಬಹುಪಾಲು ಕ್ಯಾಥಲಿಕರೇ ಎಂಬುದನ್ನು ನೆನಪಿಡಿ.

ಉಳಿದದ್ದನ್ನೂ ಕರಗಿಸಲು 1704ರಲ್ಲಿ ಒಂದು ಕಾಯಿದೆ ಬಂತು. ಕ್ಯಾಥಲಿಕನು ಹೊಲ ಕೊಳ್ಳುವಂತಿಲ್ಲ, 31 ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಹಿಡಿಯುವಂತಿಲ್ಲ. ಅವನು ಸತ್ತರೆ ಹೊಲವನ್ನು ಗಂಡುಮಕ್ಕಳಿಗೆಲ್ಲ ಸಮವಾಗಿ ಹರಿದು ಹಂಚಬೇಕು. ಹಿರಿಮಗ ಪ್ರಾಟೆಸ್ಟಂಟ್ ಆದರೆ ಮಾತ್ರ ಇಡೀ ಆಸ್ತಿ ಅವನಿಗೆ. ಹಂಚುವ ಪದ್ಧತಿಯೇ ಸಲ್ಲದೆಂದು 1606ರಲ್ಲಿ ತಳ್ಳಿಹಾಕಿದ ಕಾನೂನು, ನೂರು ವರ್ಷ ಕಳೆಯುವುದರೊಳಗೆ ಅದೇ ಹಂಚಿಕೆಯನ್ನು ಶಿಕ್ಷೆಯಾಗಿ ಹೇರಿತು!

ಚಾಲಗೇಣಿಯ ಬದುಕು

ಕರಾವಳಿಯಿಂದ ಬಂದ ಕೇಳುಗರಿಗೆ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ಗೊತ್ತಿರುತ್ತವೆ. ಮೂಲಗೇಣಿಯವನು ಕಾಯಂ, ಚಾಲಗೇಣಿಯವನನ್ನು ಒಡೆಯ ಬೇಡವೆಂದರೆ ಎದ್ದು ಹೋಗಬೇಕು. ಐರ್ಲೆಂಡಿನ ಬಡ ರೈತರಲ್ಲಿ ಬಹುಮಂದಿಯದು ಈ ಎರಡನೆಯ ಪಾಡು. ಅನೇಕ ಒಡೆಯರು ಇಂಗ್ಲೆಂಡಿನಲ್ಲಿದ್ದರು, ನಡುವೆ ದಲ್ಲಾಳಿ ಗುತ್ತಿಗೆದಾರರು. ರೈತ ಕಲ್ಲು ಕಿತ್ತು, ಬೇಲಿ ಹಾಕಿ ಹೊಲ ಹಸನು ಮಾಡಿದರೆ ಗೇಣಿ ಏರುತ್ತಿತ್ತು. ಅಲ್‌ಸ್ಟರಿನಲ್ಲಿ ಮಾತ್ರ ಬಿಟ್ಟುಹೋಗುವ ರೈತ ತನ್ನ ಹಕ್ಕನ್ನು ಮುಂದಿನವನಿಗೆ ಮಾರುವ ರೂಢಿ ಉಳಿದಿತ್ತು.

1845ರಲ್ಲಿ ಆಲೂಗಡ್ಡೆಗೆ ರೋಗ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. 1847ರ ನಿಯಮದಂತೆ ಕಾಲು ಎಕರೆಗಿಂತ ಹೆಚ್ಚು ಹೊಲ ಹಿಡಿದವನಿಗೆ ಸರಕಾರಿ ಪರಿಹಾರವಿಲ್ಲ. ಗಂಜಿ ಬೇಕೋ ಹೊಲ ಬೇಕೋ ಎಂದು ಹಸಿದವನನ್ನು ಕೇಳಿದ ಹಾಗೆ. ಹೊಲ ಬಿಟ್ಟವರ ಗುಡಿಸಲುಗಳು ಎಷ್ಟೋ ಕಡೆ ನೆಲಸಮವಾದವು.

ಇಷ್ಟಾದ ಮೇಲೂ 1860ರ ಕಾಯಿದೆ, ಡೀಸಿ ಕಾಯಿದೆಯೆಂದು ಹೆಸರಾದದ್ದು, ಒಡೆಯ ಮತ್ತು ಗೇಣಿದಾರರ ಸಂಬಂಧ ನಿಂತಿರುವುದು ಕರಾರಿನ ಮೇಲೆ ಎಂದು ಸಾರಿತು. ಸಮಬಲರ ನಡುವೆ ಇದು ನ್ಯಾಯವೇ. ಆದರೆ ಹೊಲ ಬಿಟ್ಟರೆ ಬೇರೆ ಬದುಕಿಲ್ಲದವನಿಗೂ ಎಸ್ಟೇಟಿನ ಒಡೆಯನಿಗೂ ನಡುವೆ ಎಂಥ ಕರಾರು?

ಗಿರಣಿಯಿಂದ ಬಂದವನು

ಈ ಪ್ರಶ್ನೆಯನ್ನು ಬೀದಿಗೆ ತಂದವನು ಮೈಕೆಲ್ ಡೇವಿಟ್. 1846ರಲ್ಲಿ, ಬರಗಾಲದ ನಡುವೆ, ಪಶ್ಚಿಮದ ಮೇಯೊದಲ್ಲಿ ಹುಟ್ಟಿದವನು. ಅವನಿಗೆ ನಾಲ್ಕು ವರ್ಷವಾದಾಗ ಮನೆಯವರನ್ನು ಒಕ್ಕಲೆಬ್ಬಿಸಿದರು. ಕುಟುಂಬ ಇಂಗ್ಲೆಂಡಿನ ಲ್ಯಾಂಕಾಶೈರಿಗೆ ಹೊಟ್ಟೆಪಾಡಿಗೆ ಹೋಯಿತು. 11ನೇ ವಯಸ್ಸಿಗೆ ಹತ್ತಿ ಗಿರಣಿಯ ಯಂತ್ರಕ್ಕೆ ಸಿಕ್ಕಿ ಡೇವಿಟ್‌ನ ಬಲಗೈ ಹೋಯಿತು. ಗಿರಣಿ ಊರಿನ ಕಥೆಗಳನ್ನು ಕೇಳುತ್ತ ಬೆಳೆದ ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1879ರಲ್ಲಿ ಅವನು ಲ್ಯಾಂಡ್ ಲೀಗ್ ಕಟ್ಟಿದ. ಅದರ ಅಧ್ಯಕ್ಷನಾದವನು ಪಾರ್ನೆಲ್, ಸ್ವತಃ ಒಬ್ಬ ಪ್ರಾಟೆಸ್ಟಂಟ್ ಜಮೀನ್ದಾರ.

ಒಕ್ಕಲೆಬ್ಬಿಸಿದ ಹೊಲವನ್ನು ಹಿಡಿದವನೊಡನೆ ಮಾತೂ ಬೇಡ, ವ್ಯವಹಾರವೂ ಬೇಡ ಎಂದು 1880ರಲ್ಲಿ ಪಾರ್ನೆಲ್ ಕರೆಕೊಟ್ಟ. ಅದು ಮೊದಲು ದೊಡ್ಡದಾಗಿ ತಾಗಿದ್ದು ಮೇಯೊದ ಎಸ್ಟೇಟ್ ಏಜೆಂಟ್ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್‌ಗೆ. ಆಳುಗಳು ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆಳೆ ಕೊಯ್ಯಲು ಬೇರೆ ಜಿಲ್ಲೆಗಳಿಂದ ಸುಮಾರು 50 ಜನರನ್ನು ಸೈನಿಕರ ಕಾವಲಿನಲ್ಲಿ ಕರೆತರಬೇಕಾಯಿತು. ಖರ್ಚು ಬೆಳೆಯ ಬೆಲೆಯ ಎಷ್ಟೋ ಪಟ್ಟು. ಆ ವರ್ಷ ಮುಗಿಯುವ ಮೊದಲೇ ಕ್ಯಾಪ್ಟನ್ ಐರ್ಲೆಂಡ್ ಬಿಟ್ಟ. ಅವನ ಹೆಸರು ಮಾತ್ರ ಉಳಿದು, ಇಂದು ನಮ್ಮ ಪತ್ರಿಕೆಗಳ ತಲೆಬರಹಗಳಲ್ಲೂ ಕಾಣುತ್ತದೆ.

1881ರಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಬಗ್ಗಿದ. ನ್ಯಾಯಾಲಯ ಗೊತ್ತುಮಾಡುವ ಗೇಣಿ, ಗೇಣಿ ಕೊಡುವವರೆಗೆ ಎಬ್ಬಿಸದ ಭದ್ರತೆ, ತನ್ನ ಹಕ್ಕನ್ನು ಮಾರುವ ಸ್ವಾತಂತ್ರ್ಯ, ಈ ಮೂರೂ ಕಾನೂನಾದವು. ಒಂದೇ ಹೊಲಕ್ಕೆ ಈಗ ಇಬ್ಬರು ಹಕ್ಕುದಾರರು. ಗೇಣಿದಾರ ಎಂಬ ಶಬ್ದಕ್ಕೆ ಒಡೆಯ ಹೆದರಿದ್ದು, 11 ತಿಂಗಳ ಕರಾರಿನ ಹಿಂದೆ ಅಡಗಿದ್ದು ಇದಕ್ಕೇ.

ಬಂಗಾಳದ ನಂಟು

ಇಲ್ಲಿ ನಮ್ಮ ದೇಶದ ಎಳೆಯೊಂದು ಸೇರುತ್ತದೆ. ಬಂಗಾಳದ ರೈತರಿಗೆ ಹಿಡುವಳಿಯ ರಕ್ಷಣೆ ಕೊಟ್ಟ 1885ರ ಬಂಗಾಳ ಗೇಣಿ ಕಾಯಿದೆಯ ಚರ್ಚೆಯಲ್ಲಿ ಐರ್ಲೆಂಡಿನ ಅನುಭವ ಕೆಲಸಮಾಡಿತ್ತು. ಆ ಕಾಯಿದೆಗೆ ದುಡಿದ ಅಧಿಕಾರಿಗಳಲ್ಲಿ ಒಬ್ಬರು ಆಂಟನಿ ಮ್ಯಾಕ್‌ಡೊನೆಲ್, ಐರ್ಲೆಂಡಿನ ಕ್ಯಾಥಲಿಕ್ ಮನೆತನದವರು. ಭಾರತದಲ್ಲಿ ಸೇವೆ ಮುಗಿಸಿ 1902ರಲ್ಲಿ ಅವರು ಡಬ್ಲಿನ್ನಿನ ಆಡಳಿತಕ್ಕೆ ಹೋದರು. 1903ರ ವಿಂಡ್‌ಹ್ಯಾಮ್ ಕಾಯಿದೆಯ ಹಿಂದೆ ಅವರ ಕೈಯಿತ್ತು.

ಆ ಕಾಯಿದೆ ವ್ಯಾಜ್ಯವನ್ನು ಹಣದಿಂದ ಬಗೆಹರಿಸಿತು. ಸರಕಾರ ಒಡೆಯನಿಗೆ ಬೆಲೆಯ ಮೇಲೆ ಶೇ. 12 ಪ್ರೋತ್ಸಾಹಧನ ಕೊಟ್ಟಿತು. ರೈತನಿಗೆ ಇಡೀ ಬೆಲೆ ಸಾಲ, ತೀರಿಸಲು 68 ವರೆ ವರ್ಷ. ಅಜ್ಜ ಸಹಿ ಹಾಕಿದ ಸಾಲದ ಕೊನೆಯ ಕಂತು ಮೊಮ್ಮಗ ಕಟ್ಟುವ ಲೆಕ್ಕ. ಆದರೂ ರೈತರು ಮುಗಿಬಿದ್ದು ಕೊಂಡರು. 1870ರಲ್ಲಿ ಸ್ವಂತ ಹೊಲವಿದ್ದ ರೈತರು ಸುಮಾರು ಶೇ. 3, 1929ರಲ್ಲಿ ಸುಮಾರು ಶೇ. 97. ಆದರೆ ಹೊಲ ಸಿಕ್ಕಿದ್ದು ಗೇಣಿ ಹಿಡಿದವನಿಗೆ. ಅದೇ ಹೊಲದಲ್ಲಿ ದುಡಿದ ಕೂಲಿಯವರಲ್ಲಿ ಬಹುಮಂದಿಗೆ ಈ ಕಾಯಿದೆಯಿಂದ ಹೊಲ ಸಿಗಲಿಲ್ಲ ಎಂಬುದನ್ನೂ ಹೇಳಬೇಕು.

ರಾಜನೇ ಮೂಲ ಒಡೆಯನೆಂಬ ಹಳೆಯ ತತ್ತ್ವ ಸ್ವತಂತ್ರ ಐರ್ಲೆಂಡಿನ ಕಾನೂನು ಪುಸ್ತಕದಲ್ಲಿ ಎಲ್ಲೋ ಮೂಲೆಯಲ್ಲಿ ಉಳಿದೇ ಇತ್ತು. ಅದರ ಕಟ್ಟಳೆಗಳನ್ನು ತೆಗೆದುಹಾಕಿದ್ದು 2009ರ ಕಾಯಿದೆ. ಕರಾರನ್ನು ಎತ್ತಿಹಿಡಿದ 1860ರ ಕಲಮು ಮಾತ್ರ ಆಮೇಲೂ ಉಳಿಯಿತು.

ಉಳುವವನ ಹೊಲ ಹೋದದ್ದು ಕತ್ತಿಯ ಬಲದಿಂದ, ಆದರೆ ಅದನ್ನು ಖಾಯಂ ಮಾಡಿದ್ದು ತೀರ್ಪು, ನಕ್ಷೆ, ಪಟ್ಟಾ. ಅದನ್ನು ಮರಳಿ ಪಡೆಯಲು ಸಭೆ, ಬಹಿಷ್ಕಾರ, ಸೆರೆವಾಸ ಎಲ್ಲ ಬೇಕಾದವು. ಕೊನೆಗೆ ಅದೂ ಬರಬೇಕಾದದ್ದು ಕಾಗದದ ಮೇಲೆಯೇ. ಮುಂದಿನ ಸಲ 11 ತಿಂಗಳ ಕರಾರಿಗೆ ಸಹಿ ಹಾಕುವ ಮುನ್ನ ಅದರಲ್ಲಿ ನಿಮ್ಮನ್ನು ಏನೆಂದು ಕರೆದಿದ್ದಾರೆ, ಒಮ್ಮೆ ಓದಿ ನೋಡಿ.