ಮದಾಂ ದೆಪಿನೇ: ದಾನಿಯ ಜೀವನ ಮತ್ತು ಹಸ್ತಪ್ರತಿಯ ಸಾಕ್ಷ್ಯ

ನಮ್ಮ ಓಲೆಗರಿಗಳ ಅಂತ್ಯಪ್ರಶಸ್ತಿಗಳನ್ನು ಓದಿದವರಿಗೆ ದಾನಿಗೂ ಗ್ರಂಥಕರ್ತನಿಗೂ ಇರುವ ಸಂಬಂಧ ಹೊಸದಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಶಾಸ್ತ್ರದಾನ ಮಾಡಿದ ಅತ್ತಿಮಬ್ಬೆಯನ್ನು ರನ್ನನು ಅಜಿತಪುರಾಣದಲ್ಲಿ ಮುಕ್ತಕಂಠದಿಂದ ಕೊಂಡಾಡಿದ್ದಾನೆ. ಉಪಕೃತನು ಉಪಕಾರಿಯನ್ನು ಸ್ತುತಿಸುವುದು ಅಲ್ಲಿನ ಕ್ರಮ. ಆದರೆ ಉಪಕೃತನೇ ದೋಷಾರೋಪಣೆ ಮಾಡಿ, ಉಪಕಾರಿಯ ಬರಹವೂ ಪರಹಸ್ತಕ್ಕೆ ಸಿಕ್ಕಿ ವಿಕಾರಗೊಂಡರೆ ಸತ್ಯವನ್ನು ಎಲ್ಲಿ ಅರಸಬೇಕು? ಫ್ರಾನ್ಸ್ ದೇಶದ ಮದಾಂ ದೆಪಿನೇ ಎಂಬ ಕುಲೀನ ಮಹಿಳೆಯ ವೃತ್ತಾಂತವು ಈ ಪ್ರಶ್ನೆಗೆ ಉತ್ತಮ ನಿದರ್ಶನವಾಗಿರುವುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಲೂಯಿಸ್ ಎಂಬುದು ಈಕೆಯ ಹೆಸರು. ಜನನ 1726ರಲ್ಲಿ, ವಾಲೆನ್ಸಿಯೆನ್ ಪಟ್ಟಣದಲ್ಲಿ. ಅಲ್ಲಿನ ಕೋಟೆಯ ಅಧಿಕಾರಿಯಾಗಿದ್ದ ತಂದೆಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡಳು. 1745ರಲ್ಲಿ ಸೋದರಸಂಬಂಧಿಯೂ ರಾಜಾದಾಯದ ಗುತ್ತಿಗೆದಾರನೂ ಆದ ದೆಪಿನೇ ಎಂಬುವನೊಡನೆ ವಿವಾಹವಾಯಿತು. ಪತಿಯು ದುಂದುಗಾರನೂ ಪರಸ್ತ್ರೀಸಕ್ತನೂ ಆಗಿದ್ದುದರಿಂದ 1749ರಲ್ಲಿ ಆಸ್ತಿಯನ್ನು ಪ್ರತ್ಯೇಕಿಸಿಕೊಂಡಳು. ತರುವಾಯ ಮೊಂಮೊರಾನ್ಸಿ ಸಮೀಪದ ಷವ್ರೆತ್ ಭವನದಲ್ಲಿ ವಿದ್ವಜ್ಜನರಿಗೆ ಆಶ್ರಯ ನೀಡಿದಳು. ದಿದರೋ, ಗ್ರಿಂ ಮೊದಲಾದವರು ಆಕೆಯ ಗೋಷ್ಠಿಗೆ ಸೇರಿದವರು.

ತತ್ತ್ವಜ್ಞನಾದ ರೂಸೋ ಆಗ ಸಂಗೀತದ ಹಾಳೆಗಳನ್ನು ಪ್ರತಿಮಾಡಿ ಜೀವನ ಸಾಗಿಸುತ್ತಿದ್ದನು. ಅವನೂ ಒಬ್ಬ ಲಿಪಿಕಾರನೇ! ಕಾಡಿನಂಚಿನಲ್ಲಿದ್ದ ಪಾಳುಮನೆಯೊಂದನ್ನು ಕಂಡು ಅವನು ಆಸೆಪಟ್ಟನು. ಮದಾಂ ದೆಪಿನೇ ಅದನ್ನು ಅವನಿಗೆ ತಿಳಿಸದೆಯೇ ಹೊಸದಾಗಿ ಕಟ್ಟಿಸಿ ವಾಸಕ್ಕೆ ಒಪ್ಪಿಸಿದಳು. ಇದನ್ನು ರೂಸೋವೇ ತನ್ನ ಆತ್ಮಚರಿತ್ರೆಯಲ್ಲಿ ಹೇಳಿರುವುದರಿಂದ ದಾನದ ವಿಷಯದಲ್ಲಿ ಸಂಶಯವಿಲ್ಲ. 1756ರ ಏಪ್ರಿಲ್‌ನಲ್ಲಿ ಅವನು 'ಎರ್ಮಿತಾಜ್' ಎಂಬ ಆ ಆಶ್ರಮವನ್ನು ಸೇರಿದನು. 1761ರಲ್ಲಿ ಪ್ರಕಟವಾದ ಅವನ ಪ್ರಸಿದ್ಧ ಕಾದಂಬರಿ 'ಜ್ಯೂಲಿ'ಯ ರಚನೆ ಆರಂಭವಾದುದು ಅಲ್ಲಿಯೇ.

ಈ ಮೈತ್ರಿ ಎರಡು ವರ್ಷ ತುಂಬುವ ಮೊದಲೇ ಮುರಿಯಿತು. ಆಕೆಯ ನಾದಿನಿ ಸೋಫಿಯಲ್ಲಿ ರೂಸೋ ಅನುರಕ್ತನಾದುದು ಒಂದು ಕಾರಣ. 1757ರಲ್ಲಿ ಆಕೆ ಚಿಕಿತ್ಸೆಗಾಗಿ ಜಿನೀವಾಕ್ಕೆ ಹೊರಟಾಗ ಅವನು ಜೊತೆಗೆ ಹೋಗಲು ಒಪ್ಪದಿದ್ದುದು ಇನ್ನೊಂದು. ಅದೇ ಡಿಸೆಂಬರ್‌ನಲ್ಲಿ ಅವನು ಆಶ್ರಮವನ್ನು ತ್ಯಜಿಸಿದನು. 1771ರಲ್ಲಿ ಅವನು ತನ್ನ ಆತ್ಮಚರಿತ್ರೆಯನ್ನು ಪ್ಯಾರಿಸ್ಸಿನ ಮನೆಗಳಲ್ಲಿ ಓದತೊಡಗಿದಾಗ, ಆ ವಾಚನವನ್ನು ತಡೆಯಬೇಕೆಂದು ಆಕೆ ಪೊಲೀಸು ಮುಖ್ಯಾಧಿಕಾರಿಗೆ ಬರೆದುಕೊಂಡಳು. ಮೊಮ್ಮಗಳಿಗಾಗಿ ರಚಿಸಿದ 'ಎಮಿಲಿಯ ಸಂಭಾಷಣೆಗಳು' ಎಂಬ ಶಿಕ್ಷಣಗ್ರಂಥಕ್ಕೆ 1783ರಲ್ಲಿ ಫ್ರೆಂಚ್ ಅಕಾಡೆಮಿಯ ಬಹುಮಾನ ದೊರೆಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಮರಣಹೊಂದಿದಳು. ತನ್ನ ಮೇಲಿನ ಆರೋಪಗಳಿದ್ದ ಭಾಗ 1789ರಲ್ಲಿ ಅಚ್ಚಾದುದನ್ನು ನೋಡಲು ಆಕೆ ಉಳಿದಿರಲಿಲ್ಲ.

ಇನ್ನು ಹಸ್ತಪ್ರತಿಯ ವಿಚಾರ. ಆಕೆ ಪತ್ರ ಮತ್ತು ದಿನಚರಿಗಳ ರೂಪದಲ್ಲಿ 'ಮದಾಂ ದ ಮೊಂಬ್ರಿಯಾನಳ ಕಥೆ' ಎಂಬ ದೀರ್ಘಕೃತಿಯನ್ನು ಬರೆದಿಟ್ಟಿದ್ದಳು. ಅದರಲ್ಲಿ ಆಕೆಗೂ ಮಿತ್ರರಿಗೂ ಕಲ್ಪಿತನಾಮಗಳಿದ್ದವು. ರೂಸೋವಿಗೆ 'ರನೆ' ಎಂದು ಹೆಸರು. ಈ ಪ್ರತಿ ಗ್ರಿಂನ ವಶದಲ್ಲಿದ್ದು, ಕ್ರಾಂತಿಯ ಕಾಲದಲ್ಲಿ ಅವನು ದೇಶಬಿಟ್ಟಾಗ ಅವನ ಕಾರ್ಯದರ್ಶಿಯ ಬಳಿ ಉಳಿಯಿತು. 1818ರಲ್ಲಿ ಬ್ರುನೆ ಇದನ್ನು ಪ್ರಕಟಿಸಿದಾಗ ಹಲವು ಭಾಗಗಳನ್ನು ಕೈಬಿಟ್ಟು, ಕಲ್ಪಿತನಾಮಗಳ ಸ್ಥಾನದಲ್ಲಿ ನಿಜನಾಮಗಳನ್ನಿಟ್ಟು, 'ಸ್ಮೃತಿಗಳು' ಎಂದು ಹೆಸರಿಡಲಾಯಿತು. ನಿಕ್ಷೇಪವನ್ನರಿಯದೆ ಅರ್ಥನಿರ್ಣಯ ಮಾಡಬಾರದೆಂಬುದು ನಮ್ಮ ಆಚಾರ್ಯರ ಮತ. ಇಲ್ಲಿ ನಾಮ ಬದಲಾದ ಮಾತ್ರದಿಂದ ಕಥೆಯು ಚರಿತ್ರೆಯೆಂದು ಪ್ರಸಿದ್ಧವಾಯಿತು. ಓದುಗರು ಅದರ ಆಧಾರದಿಂದ ರೂಸೋವನ್ನು ಕೃತಘ್ನನೆಂದು ನಿಂದಿಸಿದರು.

1906ರಲ್ಲಿ ಫ್ರೆಡೆರಿಕಾ ಮ್ಯಾಕ್ಡೊನಾಲ್ಡ್ ಅವರು ಪ್ಯಾರಿಸ್ಸಿನಲ್ಲಿರುವ ಮೂಲಪ್ರತಿಗಳನ್ನು ಪರಿಶೀಲಿಸಿ, ರನೆಯ ಪಾತ್ರವನ್ನು ತಿದ್ದಿ ಕೆಡಿಸಲಾಗಿದೆಯೆಂದು ತೋರಿಸಿದರು. ಇದು ಗ್ರಿಂ ಮತ್ತು ದಿದರೋ ಅವರ ಸಂಚೆಂದು ವಾದಿಸಿದರು. ಈಗ ನಿಂದೆ ಆಕೆಯ ಕಡೆಗೆ ತಿರುಗಿತು. 1951ರಲ್ಲಿ ಜಾರ್ಜ್ ರೋತ್ ಅವರು ಕೃತಿಯನ್ನು ಅದರ ಮೂಲನಾಮದಿಂದಲೇ ಮೂರು ಸಂಪುಟಗಳಲ್ಲಿ ಸಂಪಾದಿಸಿದ ಮೇಲೆ ಅದು ಕಾದಂಬರಿಯೆಂಬುದು ಸ್ಪಷ್ಟವಾಯಿತು. ಕಾದಂಬರಿಕಾರ್ತಿ ತನ್ನ ಪಾತ್ರವನ್ನು ತಿದ್ದುವುದು ಕೂಟಲೇಖವೆನಿಸದು.

ರೂಸೋವಿನ ಬಗೆಗೆ ಆಕೆಯ ಮನಸ್ಸು ನಿಷ್ಕಲ್ಮಷವಾಗಿತ್ತೆಂದು ನಾವು ಹೇಳುತ್ತಿಲ್ಲ. ತಿದ್ದುಪಡಿಗಳಲ್ಲಿ ರೋಷವಿರುವುದು ಸ್ಪಷ್ಟ. ಆದರೆ ತಾನು ಕಥೆಯೆಂದು ಬರೆದುದನ್ನು ಚರಿತ್ರೆಯೆಂದು ಸಾರಿದವಳು ಆಕೆಯಲ್ಲ. ಸಂಪಾದಕನ ದೋಷವನ್ನು ಗ್ರಂಥಕರ್ತೃವಿನ ಮೇಲೆ ಹೊರಿಸಿ, ಮೃತಳಾದವಳನ್ನು ಸುಳ್ಳುಗಾತಿಯೆಂದು ಕರೆದುದು ಅನ್ಯಾಯವೇ ಸರಿ. ಮುದ್ರಿತ ಪಾಠವನ್ನಷ್ಟೇ ನೋಡಿ ಕರ್ತೃವಿನ ಶೀಲವನ್ನು ನಿರ್ಣಯಿಸುವ ಅವಸರ ನಮ್ಮಲ್ಲಿಯೂ ಉಂಟು. ಪಾಠಶೋಧನೆಯು ಕೇವಲ ಅಕ್ಷರಗಳ ಕೆಲಸವಲ್ಲ. ಉತ್ತರ ಹೇಳಲಾರದವರಿಗೆ ಸಲ್ಲಬೇಕಾದ ನ್ಯಾಯವೂ ಅದರಲ್ಲಿ ಅಡಗಿದೆ.