ಅಕ್ಕನ ವಾತ್ಸಲ್ಯ, ಕೂಲಿಯ ನ್ಯಾಯ

ಅಹಿಂಸಾವ್ರತಿಗೆ ಕಠಿನತಮ ಪರೀಕ್ಷೆ ಸ್ವಂತ ಮನೆಯಲ್ಲಿಯೇ ಎದುರಾಗುತ್ತದೆ. ೧೯೧೮ರಲ್ಲಿ ಅಹಮದಾಬಾದಿನ ಜೈನ ಮನೆತನವೊಂದು ಅಂತಹ ಪರೀಕ್ಷೆಗೆ ಒಳಗಾಯಿತು. ಅಂಬಾಲಾಲ್ ಸಾರಾಭಾಯಿ ಗಿರಣಿ ಮಾಲೀಕರ ಮುಂದಾಳು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡಿದ್ದ ಅವರಿಗೆ ಎದುರಾಗಿ, ಕೂಲಿಗಾರರ ಪಕ್ಷದಲ್ಲಿ ನಿಂತವರು ಒಡಹುಟ್ಟಿದ ಅಕ್ಕ ಅನಸೂಯಾ.

ಪ್ಲೇಗಿನ ಕಾಲದ ಬೋನಸ್ಸನ್ನು ಮಾಲೀಕರು ನಿಲ್ಲಿಸಿದಾಗ ನೇಕಾರರು ಕೂಲಿಯಲ್ಲಿ ಶೇಕಡಾ ೫೦ರಷ್ಟು ಹೆಚ್ಚಳ ಕೇಳಿದರು. ಮಾಲೀಕರು ೨೦ಕ್ಕೆ ಮಾತ್ರ ಒಪ್ಪಿದರು. ಗಾಂಧೀಜಿಯವರು ಪರಿಶೀಲಿಸಿ ೩೫ ನ್ಯಾಯವೆಂದರು. ಹೋರಾಟದ ನಡುವೆ ಕೂಲಿಗಾರರ ಧೈರ್ಯ ಕುಂದಿದಾಗ ಮಾರ್ಚ್ ೧೫ರಂದು ಅವರು ಉಪವಾಸ ಕೈಗೊಂಡರು. ಮಾರ್ಚ್ ೧೮ರಂದು ಒಪ್ಪಂದವಾಯಿತು.

ಆದರೆ ಈ ಉಪವಾಸ ನಿರ್ದೋಷವಲ್ಲವೆಂದು ಗಾಂಧೀಜಿಯವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಮಾಲೀಕರು ಅವರ ಸ್ನೇಹಿತರು. ಆ ಸ್ನೇಹವೇ ಮಾಲೀಕರನ್ನು ಬಾಗಿಸುವ ಒತ್ತಡವಾಗಿತ್ತು. ಪ್ರೀತಿಯೂ ಸೂಕ್ಷ್ಮ ಹಿಂಸೆಯಾಗಬಲ್ಲುದು! ಆದುದರಿಂದ ಕೊನೆಯ ನಿರ್ಣಯವನ್ನು ಪಂಚರಾದ ಆನಂದಶಂಕರ ಧ್ರುವ ಅವರಿಗೆ ಬಿಟ್ಟದ್ದು ಮಹತ್ತ್ವದ ಸಂಗತಿ. ಉಭಯಪಕ್ಷಗಳನ್ನು ವಿಚಾರಿಸಿ ಅವರಿತ್ತ ತೀರ್ಪೂ ೩೫.

೧೯೨೦ರಲ್ಲಿ ಅನಸೂಯಾ ಅವರ ನೇತೃತ್ವದಲ್ಲಿ ಮಜೂರ್ ಮಹಾಜನ ಸಂಘ ಸ್ಥಾಪಿತವಾಯಿತು. ಅಕ್ಕತಮ್ಮಂದಿರ ವಾತ್ಸಲ್ಯವೂ ಉಳಿಯಿತು. ಪ್ರೀತಿಯು ಎದುರಾಳಿಯನ್ನು ಶತ್ರುವಾಗದಂತೆ ಕಾಯುತ್ತದೆ. ಅವನಿಂದ ಸಲ್ಲಬೇಕಾದುದನ್ನು ಮಾತ್ರ ನ್ಯಾಯವೇ ಅಳೆದು ಕೊಡಬೇಕು. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.