ಬಿಡುವಿಲ್ಲದವರ ಬರಹ

ಶ್ರೀರಂಗಪಟ್ಟಣಕ್ಕೆ ಸಮೀಪದಲ್ಲೇ ಹೆದ್ದಾರಿಯ ಮಗ್ಗುಲಲ್ಲಿ ಕಿರಂಗೂರು ಇದೆ. ಪಟ್ಟಣದ ದಸರಾ ಉತ್ಸವ ಆರಂಭವಾಗುವುದು ಅಲ್ಲಿಯ ಬನ್ನಿಮಂಟಪದಲ್ಲಿ. ರಾಜ ಒಡೆಯರು ೧೬೧೦ರಲ್ಲಿ ತೊಡಗಿಸಿದ ಹಬ್ಬದ ನೆನಪು ಅದು. ನವರಾತ್ರಿಯ ಸರಸ್ವತೀಪೂಜೆಯ ದಿನ ಪುಸ್ತಕಗಳನ್ನು ಪೀಠದ ಮೇಲಿಟ್ಟು ಓದುಬರಹಕ್ಕೆ ವಿರಾಮ ಕೊಡುವುದು ನಮ್ಮ ಅನೇಕ ಮನೆಗಳ ಸಂಪ್ರದಾಯ. ಆದರೆ ಆ ದಿನ ಒಲೆಗೆ ವಿರಾಮವಿಲ್ಲ, ತೊಟ್ಟಿಲಿಗೂ ಇಲ್ಲ. ಒಲೆ ತೊಟ್ಟಿಲುಗಳ ನಡುವೆ ನಿಂತ ಹೆಂಗಸು ಬರೆಯಲು ಹೊತ್ತನ್ನು ಎಲ್ಲಿಂದ ತಂದಳು? ಸಾಹಿತ್ಯಚರಿತ್ರೆ ಕವಿಯ ಕಾಲವನ್ನು ಶತಮಾನಗಳಲ್ಲಿ ನಿರ್ಣಯಿಸುತ್ತದೆ. ದಿನದ ಯಾವ ಗಳಿಗೆಯಲ್ಲಿ ಬರೆದರೆಂದು ಕೇಳುವುದು ಕಡಮೆ. ಕೇಳಿದರೆ ಒಂದು ಸಂಗತಿ ಹೊಳೆಯುತ್ತದೆ: ದೊರೆತ ಹೊತ್ತಿಗೆ ತಕ್ಕಂತೆ ಬರಹ ತನ್ನ ರೂಪವನ್ನು ಪಡೆಯಿತು.

ಬರೆಯದೆಯೇ ಕಟ್ಟಿದವರಿಂದ ಆರಂಭಿಸೋಣ. ಕೋಳಿ ಕೂಗುವ ಹೊತ್ತಿಗೆ ಬೀಸುವ ಕಲ್ಲಿನ ಮುಂದೆ ಕುಳಿತ ತಾಯಿಗೆ ಕೈಗಳೆರಡೂ ಕೆಲಸದಲ್ಲಿ, ಬಿಡುವಾಗಿದ್ದುದು ಕೊರಳೊಂದೇ. ಆ ಕೊರಳಿಗೆ ಒದಗಿದ್ದು ತ್ರಿಪದಿ. ಮೂರು ಸಾಲಿಗೆ ಮಾತು ಮುಗಿಯುತ್ತದೆ. ಮಗು ಅತ್ತರೆ ನಿಲ್ಲಿಸಬಹುದು. ಮಲಗಿಸಿ ಬಂದು ಇನ್ನೊಂದನ್ನು ಎತ್ತಿಕೊಳ್ಳಬಹುದು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಇಂಥ ಪದಗಳನ್ನು ‘ಗರತಿಯ ಹಾಡು’ ಎಂದು ಸಂಕಲಿಸಿ ಪ್ರಕಟಿಸಿದರು. ಹಾಡುಗಳು ಉಳಿದವು, ಕಟ್ಟಿದ ತಾಯಂದಿರ ಹೆಸರು ಉಳಿಯಲಿಲ್ಲ.

ಹೆಸರು ಉಳಿಸಿಕೊಂಡವಳು, ಕಿರಂಗೂರಿನ ನೆರೆಯ ಶ್ರೀರಂಗಪಟ್ಟಣದ ಅರಮನೆಯಲ್ಲಿದ್ದ ಸಂಚಿಯ ಹೊನ್ನಮ್ಮ. ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವುದು ಅವಳ ಊಳಿಗ. ಅದೇ ಆಸ್ಥಾನದ ತಿರುಮಲಾರ್ಯರೂ ಚಿಕ್ಕುಪಾಧ್ಯಾಯರೂ ಮಂತ್ರಿಪದವಿಯಲ್ಲಿದ್ದು ಗ್ರಂಥಗಳನ್ನು ರಚಿಸಿದವರು. ಅವರಿಗೆ ಕೆಲಸ ಕಡಮೆಯಿತ್ತೆಂದಲ್ಲ. ಆದರೆ ರಾಜಕಾರ್ಯಕ್ಕೆ ಒಂದು ಮುಕ್ತಾಯವುಂಟು. ಕರೆದಾಗ ಓಗೊಡಬೇಕಾದ ಊಳಿಗಕ್ಕೆ ಅದಿಲ್ಲ. ತಾಯ್ತನದ ದುಡಿಮೆಯೂ ಇದೇ ಜಾತಿಯದು. ಹೊನ್ನಮ್ಮ ‘ಹದಿಬದೆಯ ಧರ್ಮ’ಕ್ಕೆ ಆರಿಸಿಕೊಂಡದ್ದು ಸಾಂಗತ್ಯವನ್ನು, ಹಾಡಿಕೊಳ್ಳಬಹುದಾದ ಮಟ್ಟನ್ನು. ಓಲೆಯ ಮುಂದೆ ಕೂರುವ ಮೊದಲೇ ಮನಸ್ಸಿನಲ್ಲಿ ಕಟ್ಟಿಟ್ಟುಕೊಳ್ಳಲು ಅನುಕೂಲವಾದ ಛಂದಸ್ಸು ಅದು ಎಂದು ನನ್ನ ಊಹೆ. ಸತಿಯ ಕರ್ತವ್ಯವನ್ನು ಬೋಧಿಸುವ ಆ ಕೃತಿಯಲ್ಲೇ, ಹೆತ್ತು ಹೊರೆದವಳು ಹೆಣ್ಣಾಗಿರುವಾಗ ಹೆಣ್ಣನ್ನು ಹಳಿಯುವುದೇಕೆಂದು ಅವಳು ಕೇಳಿದ್ದಾಳೆ.

ಅಚ್ಚಿನ ಯುಗ ಬಂದ ಮೇಲೆ ಇನ್ನೊಂದು ರೂಪ ಒದಗಿತು, ಸಣ್ಣಕತೆ. ಕೊಡಗಿನ ಗೌರಮ್ಮ ಹುಟ್ಟಿದ್ದು ೧೯೧೨ರಲ್ಲಿ. ಕಾಫಿ ತೋಟದ ಮನೆಯ ಗೃಹಿಣಿಯಾಗಿ, ಎಳೆಯ ಮಗನ ತಾಯಿಯಾಗಿ, ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಅವರು ಬರೆದರು. ೧೯೩೯ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರ ವಯಸ್ಸು ಇಪ್ಪತ್ತೇಳು. ಉಳಿದದ್ದು ‘ಕಂಬನಿ’ ಮತ್ತು ‘ಚಿಗುರು’ ಎಂಬ ಎರಡು ಕಿರುಸಂಕಲನಗಳು. ನಿತ್ಯಜೀವನದ ಎಡೆಬಿಡುವುಗಳಲ್ಲಿ ಎಷ್ಟನ್ನು ಹೇಳಬಹುದೋ ಅಷ್ಟನ್ನು ಒಡೆದ ದನಿಯಿಲ್ಲದೆ ಹೇಳಿದ ಕತೆಗಳು ಅವು.

ಇನ್ನು ಕಾದಂಬರಿ. ಅದಕ್ಕೆ ಗಳಿಗೆ ಸಾಲದು, ತಿಂಗಳುಗಳು ಬೇಕು. ಇಲ್ಲಿ ಮತ್ತೆ ಕಿರಂಗೂರಿನ ಸೀಮೆಗೇ ಬರಬೇಕು. ೧೯೨೮ರಲ್ಲಿ ಮಂಡ್ಯದಲ್ಲಿ ಹುಟ್ಟಿದ ಅನಸೂಯಾ ಶಂಕರ್, ಅಂದರೆ ತ್ರಿವೇಣಿ, ಹತ್ತು ವರ್ಷಗಳ ಆಸುಪಾಸಿನಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದರು. ಹೆರಿಗೆಯ ಬೆನ್ನಿಗೆ ಮನಸ್ಸು ಕದಡುವ ತಾಯಿಯನ್ನು, ಆಮೇಲೆ ಅವಳನ್ನು ನಂಬದ ಮನೆಯನ್ನು ‘ಶರಪಂಜರ’ದಲ್ಲಿ ಚಿತ್ರಿಸಿದವರು ಅವರು. ಬಾಣಂತಿಯ ಮನಸ್ಸೂ ಕಾದಂಬರಿಗೆ ವಸ್ತುವಾಗಬಲ್ಲದೆಂದು ತೋರಿದ್ದು ಸಣ್ಣ ಸಾಧನೆಯಲ್ಲ. ೧೯೬೩ರ ಜುಲೈಯಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿತು. ಕೆಲವೇ ದಿನಗಳಲ್ಲಿ ತ್ರಿವೇಣಿ ತೀರಿಕೊಂಡರು. ಮಗುವನ್ನು ಸಾಕುತ್ತ ಅವರು ಏನು ಬರೆಯುತ್ತಿದ್ದರೋ ಅದು ನಮಗೆ ದೊರೆಯಲಿಲ್ಲ.

ಅದೇ ೧೯೬೩ರಲ್ಲಿ ಎಂ. ಕೆ. ಇಂದಿರಾ ಅವರ ‘ತುಂಗಭದ್ರಾ’ ಪ್ರಕಟವಾಯಿತು. ಮಂಡ್ಯದಲ್ಲಿದ್ದಾಗ ತ್ರಿವೇಣಿಯವರ ಮೆಚ್ಚುಗೆಯಿಂದ ಧೈರ್ಯ ಪಡೆದವರು ಇಂದಿರಾ. ೧೯೧೭ರಲ್ಲಿ ಹುಟ್ಟಿ, ಹನ್ನೆರಡರಲ್ಲಿ ಮದುವೆಯಾಗಿ, ಶಾಲೆಯನ್ನು ಬೇಗನೆ ಬಿಟ್ಟವರು ಕಾದಂಬರಿಗೆ ಕೈಹಾಕಿದ್ದು ನಲವತ್ತೈದರ ಸುಮಾರಿಗೆ. ಮೂವತ್ತು ವರ್ಷಕ್ಕೂ ಮಿಕ್ಕ ಮನೆವಾರ್ತೆಯಲ್ಲಿ ಕಂಡದ್ದು, ಕೇಳಿದ್ದು, ಹೊಟ್ಟೆಯಲ್ಲಿ ಹಾಕಿಕೊಂಡದ್ದು ಎಲ್ಲವೂ ಮೂಲಧನವಾಗಿ ಒದಗಿತು. ೧೯೭೬ರ ‘ಫಣಿಯಮ್ಮ’ ಅಂಥ ಸಂಗ್ರಹದಿಂದ ಮೂಡಿದ ಕೃತಿ.

ಕಾಯ್ದದ್ದು ಕೈಗೂಡಿತೆಂದು ನಾವು ಸಂತೋಷಪಡುತ್ತೇವೆ. ಆದರೆ ಕಾಯುವುದನ್ನೇ ಹೆಣ್ಣಿಗೆ ಉಪದೇಶವಾಗಿ ಹೇಳುವುದು ನ್ಯಾಯವಲ್ಲ. ಪಾಂಡವರು ಆಯುಧಗಳನ್ನು ಬನ್ನಿಯ ಮರದ ಮೇಲಿಟ್ಟು ಒಂದು ವರ್ಷ ಅಜ್ಞಾತವಾಸ ಮಾಡಿದರು. ಅವಧಿ ಗೊತ್ತಿತ್ತು; ಇಳಿಸಿಕೊಳ್ಳುವ ದಿನವೂ ಬಂತು. ಮಕ್ಕಳು ದೊಡ್ಡವರಾಗಲೆಂದು ಲೇಖನಿಯನ್ನು ಎತ್ತಿಟ್ಟ ತಾಯಂದಿರಿಗೆ ಅಂಥ ಗಡುವಿಲ್ಲ. ಒಬ್ಬ ಇಂದಿರಾ ಇಳಿಸಿಕೊಂಡರು. ಎಷ್ಟೋ ಮಂದಿಯ ಲೇಖನಿ ಮರದ ಮೇಲೆಯೇ ಉಳಿಯಿತು.

ಇದಕ್ಕೆ ಪರಿಹಾರ ಪ್ರಶಸ್ತಿಗಳಲ್ಲಿ ಮಾತ್ರ ಇರಲಾರದು, ಮನೆಯಲ್ಲೂ ಇದೆ. ದಿನಕ್ಕೆ ಒಂದು ಗಂಟೆ ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ಜೊತೆ ಕೈಗಳು, ಅದು ತಂದೆಯದಾಗಲಿ, ಅಜ್ಜಿಯದಾಗಲಿ, ಇದ್ದರೆ ಸಾಕು. ಮುಂದಿನ ಸಾಹಿತ್ಯಚರಿತ್ರೆ ಬರೆಯುವವರು ಕೃತಿ ಯಾವುದೆಂದು ಹೇಳುವುದರ ಜೊತೆಗೆ, ಅದು ಬರೆಯಲ್ಪಡುತ್ತಿದ್ದಾಗ ತೊಟ್ಟಿಲು ತೂಗಿದವರು ಯಾರೆಂಬುದನ್ನೂ ಹೇಳಲಿ.